ಮಾಸ್ಟರ್ ಎದುರಿಗೆ ಟೈಂಪ್ಲೀಸ್

ನಾನು ಮಕ್ಕಳಿಗೆ ಕರಾಟೆ ಕಲಿಸುತ್ತೇನೆ ಎಂದರೆ ಜನ ಮೊದಲು ನನ್ನ ಕೈ ನೋಡುತ್ತಾರೆ, ಆಮೇಲೆ ಸೊಂಟ ನೋಡುತ್ತಾರೆ, ಆಮೇಲೆ ನಗು ತಡೆದುಕೊಳ್ಳುತ್ತಾರೆ. ಐವತ್ತು ದಾಟಿದ, ಮೆಟ್ಟಿಲು ಹತ್ತುವಾಗ ಮಂಡಿಯ ಮೇಲೆ ಕೈಯೂರುವ ಹೆಂಗಸು ನಾನು. "ಇಟ್ಟಿಗೆ ಒಡೀತೀರಾ ಮೇಡಂ?" ಎಂದು ಕೇಳದವರು ಕಡಿಮೆ. "ಇಲ್ಲ, ತೆಂಗಿನಕಾಯಿ ಒಡೀತೀನಿ, ಅದೂ ಕತ್ತೀಲಿ" ಎನ್ನುತ್ತೇನೆ. ಅವರಿಗೆ ನಿರಾಸೆಯಾಗುತ್ತದೆ. ಕರಾಟೆ ಎಂದರೆ ಏನನ್ನಾದರೂ ಒಡೆಯಲೇಬೇಕು ಎಂದು ನಮ್ಮ ಶಿವಮೊಗ್ಗದವರು ತೀರ್ಮಾನಿಸಿಬಿಟ್ಟಿದ್ದಾರೆ.

ನನ್ನ ಕ್ಲಾಸು ನಡೆಯುವುದು ವಿನೋಬನಗರದ ಒಂದು ಕಲ್ಯಾಣ ಮಂಟಪದ ಮಹಡಿಯ ಮೇಲೆ. ವಾರಕ್ಕೆ ಮೂರು ಸಂಜೆ, ಐದರಿಂದ ಆರು. ಮದುವೆ ಇದ್ದ ದಿನ ಕ್ಲಾಸಿಲ್ಲ. ಮರುದಿನ ಕ್ಲಾಸಿದೆ, ಆದರೆ ಕೆಳಗಿನ ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಇನ್ನೂ ಮೆಟ್ಟಿಲು ಹತ್ತಿ ಬರುತ್ತಿರುತ್ತದೆ, ಮಕ್ಕಳು ಒದೆಯುವುದನ್ನು ಬಿಟ್ಟು ಮೂಸುತ್ತಾ ನಿಲ್ಲುತ್ತಾರೆ. ಹಾಲ್‌ನ ನಟ್ಟನಡುವೆ ನಾಲ್ಕು ಕಂಬಗಳಿವೆ. ಕಟ್ಟಿಸಿದವರು ಯಾವ ಲೆಕ್ಕದಲ್ಲಿ ಅಲ್ಲಿಟ್ಟರೋ, ಹಿಂದಿನ ಸಾಲಿನಲ್ಲಿ ಕೂತವರಿಗೆ ಗಂಡು ಕಂಡರೆ ಹೆಣ್ಣು ಕಾಣುವುದಿಲ್ಲ, ಹೆಣ್ಣು ಕಂಡರೆ ಪುರೋಹಿತರು ಕಾಣುವುದಿಲ್ಲ. ಕ್ಲಾಸಿಗೂ ಅವು ಅಡ್ಡವೇ ಎಂದು ಮೊದಮೊದಲು ನಾನೂ ಬೈದುಕೊಂಡಿದ್ದೆ.

ನಾನು ಕಲಿತದ್ದು ಭದ್ರಾವತಿಯ ಕಾಗದನಗರದಲ್ಲಿ. ಅಪ್ಪ ಪೇಪರ್ ಮಿಲ್ಲಿನಲ್ಲಿದ್ದರು, ನಾವು ಕ್ವಾರ್ಟರ್ಸ್‌ನಲ್ಲಿದ್ದೆವು. ಕರಾಟೆ ಮಾಸ್ಟರ್ ಕೂಡ ಅದೇ ಮಿಲ್ಲಿನವರು. ಫಸ್ಟ್ ಶಿಫ್ಟ್ ಮುಗಿಸಿ, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ಐದಕ್ಕೆ ಸರಿಯಾಗಿ ಸಮುದಾಯ ಭವನದ ಬಾಗಿಲಲ್ಲಿ ನಿಂತಿರುತ್ತಿದ್ದರು. ಮನೆಮಾತು ತಮಿಳು, ನಮ್ಮ ಜೊತೆ ಕನ್ನಡ, ಎಣಿಕೆ ಮಾತ್ರ ಜಪಾನಿನದು. ಇಚಿ, ನಿ, ಸಾನ್, ಶಿ. ನಮ್ಮ ಮನೆಯಲ್ಲಿ ಅದು ತಮಿಳಿನ ಎಣಿಕೆ ಎಂದುಕೊಂಡಿದ್ದರು, ಪಕ್ಕದ ತಮಿಳರ ಮನೆಯಲ್ಲಿ ತೆಲುಗು ಎಂದುಕೊಂಡಿದ್ದರು. ಎದುರು ಮನೆಯ ತೆಲುಗಿನವರು ಯಾಕೆ ಬೇಕು ಎಂದು ಯಾರನ್ನೂ ಕೇಳದೆ ಸುಮ್ಮನಿದ್ದರು.

ಮಾಸ್ಟರ್ ನಕ್ಕದ್ದನ್ನು ನಾವ್ಯಾರೂ ನೋಡಿರಲಿಲ್ಲ. "ಆಟ ಆಡಬೇಕಾ? ಹೊರಗೆ ಮೈದಾನ ಇದೆ, ಹೋಗು. ಇದು ಆಟ ಅಲ್ಲ" ಎನ್ನುವುದು ಅವರ ದಿನನಿತ್ಯದ ಮಾತು. ಕುದುರೆಯ ಮೇಲೆ ಕೂತವರ ಹಾಗೆ ಕಾಲು ಅಗಲಿಸಿ ನಿಲ್ಲಿಸಿದರೆಂದರೆ, ಅವರು ದಿನಪತ್ರಿಕೆಯನ್ನು ಓದಿ ಮುಗಿಸುವವರೆಗೂ ನಾವು ಹಾಗೇ ನಿಂತಿರಬೇಕು. ಅವರು ಓದಲು ಶುರುಮಾಡುವ ಮೊದಲು ಕಾಗದವನ್ನು ಎರಡು ಬೆರಳ ನಡುವೆ ಉಜ್ಜಿ ಉಜ್ಜಿ ನೋಡುತ್ತಿದ್ದರು, ಮಿಲ್ಲಿನವರ ಚಟ ಅದು. ಸುದ್ದಿಗಿಂತ ಕಾಗದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ನಮ್ಮ ತೊಡೆ ಗಡಗಡ ನಡುಗುತ್ತಿತ್ತು.

ಬೆಲ್ಟ್ ಪರೀಕ್ಷೆಯಲ್ಲಿ ಅವರದೊಂದು ನಿಯಮವಿತ್ತು. ಎದುರಿನವರ ಗುದ್ದು ಮುಖದ ಹತ್ತಿರ ಬಂದಾಗ ಕಣ್ಣು ಮುಚ್ಚಿದರೆ ಫೇಲ್. ಕೈ, ಕಾಲು, ನಿಲುವು ಎಷ್ಟೇ ಚೆನ್ನಾಗಿದ್ದರೂ ಫೇಲ್. ಒಂಬತ್ತನೇ ವಯಸ್ಸಿನಲ್ಲಿ ನಾನು ಎರಡು ಸಲ ಹಾಗೆ ಫೇಲಾದೆ. ಇಡೀ ಬ್ಯಾಚಿಗೆ ನಾನೊಬ್ಬಳೇ ಹುಡುಗಿ, ನಾನೊಬ್ಬಳೇ ಫೇಲು. ಎರಡನೇ ಸಲ ಮನೆಗೆ ಬಂದು ಹಾಸಿಗೆ ಬಟ್ಟೆಗಳ ಮಧ್ಯೆ ಮುಖ ಹುದುಗಿಸಿ ಅತ್ತೆ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಎಲ್ಲಿಗೋ ಹೋದರು.

ಅದೇ ಮಳೆಗಾಲದಲ್ಲಿ ಮಾಸ್ಟರ್ ಒಂದು ಹೊಸ ಶಿಕ್ಷೆ ಕಂಡುಹಿಡಿದರು. ರದ್ದಿ ಕಾಗದವನ್ನು ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ನಮ್ಮನ್ನು ಗೋಡೆಗೆ ನಿಲ್ಲಿಸಿ ಒಂದೊಂದಾಗಿ ಎಸೆಯುವುದು. ನಾವು ಕಣ್ಣುಬಿಟ್ಟುಕೊಂಡು ತಪ್ಪಿಸಿಕೊಳ್ಳಬೇಕು. ತಗುಲಿದರೆ ಹತ್ತು ಬಸ್ಕಿ. ಉಂಡೆ ಹಣೆಗೆ ಪಚಕ್ ಎಂದು ಅಂಟಿ, ಮೂಗಿನ ಮೇಲೆ ನೀರು ಇಳಿಯುವಾಗ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಮಾಸ್ಟರ್ ಆಗೆಲ್ಲ ಬೆನ್ನು ತಿರುಗಿಸಿ ಬಕೆಟ್ಟಿನ ಮೇಲೆ ಬಗ್ಗಿಬಿಡುತ್ತಿದ್ದರು. ಕೊನೆಗೆ ಗೋಡೆಗೆ ಅಂಟಿದ್ದನ್ನು ಕೆರೆದು ತೊಳೆಯುವ ಕೆಲಸವೂ ನಮ್ಮದೇ. ಮೂರನೇ ಸಲ ನಾನು ಪಾಸಾದೆ.

ಬಹಳ ವರ್ಷ ನಾನು ದೊಡ್ಡ ಹುಡುಗಿಯರಿಗೆ ಕಲಿಸಿದೆ. ಐದರಿಂದ ಒಂಬತ್ತು ವರ್ಷದವರ ಬ್ಯಾಚು ಶುರುಮಾಡಿದ್ದು ಮೊನ್ನೆ ಮೊನ್ನೆ, ಎರಡು ವರ್ಷದ ಕೆಳಗೆ. ನನಗೆ ಗೊತ್ತಿದ್ದದ್ದು ಒಂದೇ ದಾರಿ, ಮಾಸ್ಟರದ್ದು. ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ, ಕಾಲು ಅಗಲಿಸಿದೆ, ಹುಬ್ಬು ಗಂಟು ಹಾಕಿದೆ. ಓದಲು ಪತ್ರಿಕೆ ಇರಲಿಲ್ಲ, ಮೊಬೈಲ್ ನೋಡಿದೆ. ಮೊದಲ ವಾರ ಹದಿನಾಲ್ಕು ಮಕ್ಕಳಿದ್ದರು, ತಿಂಗಳ ಕೊನೆಗೆ ಆರು. ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬಳು ಅಜ್ಜಿ ಮನೆಗೆ ಹೋದವಳು ಬರಲೇ ಇಲ್ಲ. ಒಬ್ಬ ಅಪ್ಪನಂತೂ ಪ್ರಾಮಾಣಿಕವಾಗಿ ಹೇಳಿದ: "ಅವನಿಗೆ ಇಂಟರೆಸ್ಟ್ ಇದೆ ಮೇಡಂ, ಅವನ ಕಾಲಿಗೆ ಇಲ್ಲ."

ಉಳಿದ ಆರರಲ್ಲಿ ಒಬ್ಬಳು ಎರಡನೇ ಕ್ಲಾಸಿನ ಹುಡುಗಿ. ಎರಡು ಜಡೆ, ಮುಂದಿನ ಎರಡು ಹಲ್ಲಿಲ್ಲ. "ಬೆಳೀತಾಳೆ ಬಿಡಿ" ಎಂದು ಅವಳಮ್ಮ ಎರಡು ಸೈಜು ದೊಡ್ಡ ಬಿಳಿ ಡ್ರೆಸ್ಸು ತಂದಿದ್ದರಿಂದ ಅವಳು ನಡೆದರೆ ಬಟ್ಟೆ ಸ್ವಲ್ಪ ತಡವಾಗಿ ಹಿಂದೆ ಬರುತ್ತಿತ್ತು. ಯಾರ ಕೈ ಮುಖದ ಕಡೆ ಬಂದರೂ ಅವಳು ಕಣ್ಣನ್ನು ಬಿಗಿಯಾಗಿ ಮುಚ್ಚಿ, ಭುಜ ಕಿವಿಗೆ ಏರಿಸಿ ನಿಂತುಬಿಡುತ್ತಿದ್ದಳು. ಅವಳನ್ನು ಸೇರಿಸಿದ್ದೇ ಅದಕ್ಕೆ. "ಸ್ಕೂಲ್ ವ್ಯಾನಲ್ಲಿ ಪಕ್ಕ ಕೂರೋ ಹುಡುಗ ಬೇಕಂತಾನೇ ಇವಳ ಮುಖದ ಮುಂದೆ ಕೈ ಬೀಸ್ತಾನೆ ಮೇಡಂ. ಇವಳು ಕಣ್ಣು ಮುಚ್ಚಿದ್ದೇ ತಡ, ಡಬ್ಬಿ ತೆಗೆದು ಚಕ್ಕುಲಿ ತಿಂದುಬಿಡ್ತಾನೆ. ಕಣ್ಣು ಬಿಟ್ಟಾಗ ಚಕ್ಕುಲಿ ಇರಲ್ಲ" ಎಂದು ಅವಳಮ್ಮ ಮೊದಲ ದಿನವೇ ದೂರು ದಾಖಲಿಸಿದ್ದರು. ಅವರು ಹೈಸ್ಕೂಲ್ ಟೀಚರ್. ಫೇಲು ಎನ್ನುವುದು ಬೇರೆಯವರ ಮಕ್ಕಳು ಆಗುವಂಥದ್ದು ಎಂದು ನಂಬಿದವರು.

ಒಂದು ಸಂಜೆ ರೈಲ್ವೆ ಗೇಟು ಹಾಕಿದ್ದರಿಂದ ನಾನು ಹದಿನೈದು ನಿಮಿಷ ತಡವಾಗಿ ಬಂದೆ. ಮೆಟ್ಟಿಲ ಮೇಲಿದ್ದಾಗಲೇ ಕಿರುಚಾಟ ಕೇಳಿತು. ಮಕ್ಕಳು ಕಂಬದಾಟ ಆಡುತ್ತಿದ್ದವು. ನಾಲ್ಕು ಕಂಬಕ್ಕೆ ನಾಲ್ವರು, ನಡುವೆ ಒಬ್ಬರು. ಕಂಬದವರು ಜಾಗ ಬದಲಾಯಿಸುವಾಗ ನಡುವಿನವರು ನುಗ್ಗಿ ಖಾಲಿ ಕಂಬ ಹಿಡಿಯಬೇಕು. ಆರನೆಯವನು ತನ್ನನ್ನು ತಾನೇ ಅಂಪೈರ್ ಎಂದು ನೇಮಿಸಿಕೊಂಡಿದ್ದ. ನಡುವೆ ಇದ್ದವಳು ನನ್ನ ಕಣ್ಣುಮುಚ್ಚುವ ಹುಡುಗಿ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತೆ. ಅವಳು ಹೆಬ್ಬೆರಳ ಮೇಲೆ ಭಾರ ಹಾಕಿ, ಮಂಡಿ ಬಗ್ಗಿಸಿ, ಎಡಕ್ಕೆ ನೋಡಿದಂತೆ ಮಾಡಿ ಬಲಕ್ಕೆ ಜಾರುತ್ತಿದ್ದಳು. ಓಡುವ ಗಡಿಬಿಡಿಯಲ್ಲಿ ಒಬ್ಬನ ಮೊಣಕೈ ಅವಳ ಕಿವಿ ಸವರಿಕೊಂಡೇ ಹೋಯಿತು. ಕಣ್ಣು ಮುಚ್ಚಲಿಲ್ಲ, ರೆಪ್ಪೆ ಕೂಡ ಬಡಿಯಲಿಲ್ಲ. ಮುಚ್ಚಿದರೆ ಕಂಬ ಹೋಗುತ್ತದಲ್ಲ!

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ನಾನು ಒಂದು ತಿಂಗಳು ಗಂಟಲು ಹರಿದುಕೊಂಡು ಕಲಿಸಲಾಗದ್ದನ್ನು ಮದುವೆ ಮನೆಯ ನಾಲ್ಕು ಕಂಬಗಳು ಹದಿನೈದು ನಿಮಿಷದಲ್ಲಿ ಕಲಿಸಿದ್ದವು.

ಅಂದಿನಿಂದ ಕ್ಲಾಸಿನಲ್ಲಿ ಆಟ ಸೇರಿಕೊಂಡಿತು. ಕೆರೆ-ದಡ ಆಡಿಸಿದೆ. 'ಕೆರೆ' ಎಂದರೆ ಮುಂದಕ್ಕೆ ಹಾರಿ ನಿಲುವು, 'ದಡ' ಎಂದರೆ ಹಿಂದಕ್ಕೆ ಹಾರಿ ನಿಲುವು. ಕಾಲು ಅಗಲಿಸಿ ಐದು ನಿಮಿಷ ನಿಲ್ಲಲಾರದ ಮಕ್ಕಳು ಕೆರೆಗೆ ಅರವತ್ತು ಸಲ ಬಿದ್ದೆದ್ದರು. ನಮ್ಮೂರ ಪಕ್ಕದ ಹುಲಿ-ಸಿಂಹಧಾಮದ ಹೆಸರಿಟ್ಟು ತ್ಯಾವರೆಕೊಪ್ಪ ಎಂಬ ಆಟವನ್ನು ನಾನೇ ಕಟ್ಟಿದೆ: ಒಬ್ಬರು ಸಫಾರಿ ಬಸ್ಸು, ಉಳಿದವರು ಕೈಕಾಲೂರಿ ನಡೆಯುವ ಹುಲಿ ಸಿಂಹಗಳು, ಭುಜ ಗಟ್ಟಿಯಾಗಲಿ ಎಂದು. ಮೊದಲ ದಿನವೇ ಒಬ್ಬ ಮೂಲೆಯಲ್ಲಿ ಅಂಗಾತ ಮಲಗಿಬಿಟ್ಟ. "ಏಳೋ ಮಾರಾಯ, ನೀನು ಹುಲಿ" ಎಂದೆ. "ಹುಲೀನೇ ಮಿಸ್. ನಾವು ಟ್ರಿಪ್ಪಿಗೆ ಹೋದಾಗ ಹಿಂಗೇ ಮಲಗಿತ್ತು" ಎಂದ. ಅವನೊಂದಿಗೆ ವಾದ ಮಾಡಲು ನನ್ನ ಬಳಿ ಸಾಕ್ಷಿ ಇರಲಿಲ್ಲ, ನಾನು ಹೋದಾಗಲೂ ಅದು ಮಲಗಿಯೇ ಇತ್ತು. ಆರಿದ್ದ ಮಕ್ಕಳು ಹನ್ನೊಂದಾದವು.

ಆಟ ಬಂದ ಮೇಲೆ ಆಟದ ಕಾನೂನೂ ಬಂತು. ಅದರಲ್ಲಿ ದೊಡ್ಡದು ಟೈಂಪ್ಲೀಸ್. ಮುಷ್ಟಿಯನ್ನು ಬಾಯಿಯ ಹತ್ತಿರ ತಂದು 'ಥೂ' ಎಂದು ಊದಿ, 'ಟೈಂಪ್ಲೀಸ್' ಎಂದುಬಿಟ್ಟರೆ ಮುಗಿಯಿತು. ಮೂಗು ಒರೆಸಿಕೊಳ್ಳಬಹುದು, ಜಡೆ ಕಟ್ಟಿಕೊಳ್ಳಬಹುದು, ನೀರು ಕುಡಿದು ಬರಬಹುದು. 'ಬಿಟ್ಟೆ' ಎನ್ನುವವರೆಗೆ ಯಾರೂ ಮುಟ್ಟುವಂತಿಲ್ಲ. ನಮ್ಮ ಕಾಗದನಗರದ ಮೈದಾನದಲ್ಲೂ ಇದೇ ಕಾನೂನಿತ್ತು, ಇದೇ 'ಥೂ' ಇತ್ತು. ಮೊಬೈಲ್ ಹಿಡಿದು ಹುಟ್ಟಿದ ಈ ಮಕ್ಕಳಿಗೆ ಇದನ್ನು ಯಾರು ಕಲಿಸಿದರೋ ಕಾಣೆ. ಸುಪ್ರೀಂ ಕೋರ್ಟಿನ ತೀರ್ಪನ್ನಾದರೂ ಮತ್ತೊಮ್ಮೆ ನೋಡಿ ಎಂದು ಬೇಡಿಕೊಳ್ಳಬಹುದು, ಟೈಂಪ್ಲೀಸಿನ ಮೇಲೆ ಮೇಲ್ಮನವಿ ಇಲ್ಲ.

ಎಲ್ಲವೂ ಚೆನ್ನಾಗಿತ್ತು, ಒಂದು ಬಿಟ್ಟು. ಆಟ ನಿಲ್ಲಿಸಿ, ಇಬ್ಬರನ್ನು ಎದುರು ಬದುರು ನಿಲ್ಲಿಸಿ, 'ಈಗ ಗುದ್ದು' ಎಂದೆನೋ, ಆ ಹುಡುಗಿಯ ಕಣ್ಣು ಮತ್ತೆ ಬಿಗಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಕಂಬದಾಟದ ಕಣ್ಣು ಬೇರೆ, ಕರಾಟೆಯ ಕಣ್ಣು ಬೇರೆ ಆಗಿತ್ತು. ಅಷ್ಟರಲ್ಲಿ ಹಳದಿ ಬೆಲ್ಟಿನ ಪರೀಕ್ಷೆ ಹತ್ತಿರ ಬಂತು. ಅವಳಮ್ಮ ಮೆಟ್ಟಿಲ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದರು.

"ಈ ಸಲ ಪಾಸಾಗ್ಲಿಲ್ಲ ಅಂದ್ರೆ ಡ್ರಾಯಿಂಗ್ ಕ್ಲಾಸಿಗೆ ಹಾಕ್ತೀನಿ ಮೇಡಂ. ಪಾಪ, ಅವಳಿಗೂ ಇದು ಆಗ್ಬರಲ್ವೇನೋ."

ಹುಡುಗಿ ಅಮ್ಮನ ಹಿಂದೆಯೇ ನಿಂತಿದ್ದಳು. "ನಂಗೆ ಡ್ರಾಯಿಂಗ್ ಬೇಡ" ಎಂದಳು, ಗೋಡೆಗೆ ಹೇಳುವವಳ ಹಾಗೆ. ಎರಡು ಸಲ ಹೇಳಿದಳು. ಪಾಸು ಮಾಡ್ತೀನಿ ಬಿಡು ಎಂದು ನಾನು ಹೇಳುವ ಹಾಗಿರಲಿಲ್ಲ, ಯಾಕೆಂದರೆ ಪರೀಕ್ಷೆ ಮಾಡುವವಳು ನಾನಲ್ಲ. ನಮ್ಮ ಬಳಗದ ಎಲ್ಲ ಬೆಲ್ಟಿಗೂ ಇಂದಿಗೂ ಮಾಸ್ಟರ್ ಸಹಿಯೇ ಬೇಕು, ಪರೀಕ್ಷೆಗೆ ಅವರೇ ಬರಬೇಕು. ಅವರಿಗೀಗ ಎಪ್ಪತ್ತಮೂರು. ನಿಯಮಕ್ಕೆ ಮಾತ್ರ ವಯಸ್ಸಾಗಿಲ್ಲ.

ಕರೆಯಲು ಭದ್ರಾವತಿಗೆ ಹೋದೆ. ಮಿಲ್ಲು ನಿಂತು ವರ್ಷಗಳಾದರೂ ಮಾಸ್ಟರ್ ಕಾಗದನಗರದ ಪಕ್ಕವೇ ಮನೆ ಮಾಡಿಕೊಂಡಿದ್ದಾರೆ. ಜಗುಲಿಯಲ್ಲಿ ನೆಟ್ಟಗೆ ಕೂತಿದ್ದರು. ನಾನು ಕೊಟ್ಟ ಅರ್ಜಿ ನಮೂನೆಯನ್ನು ಓದುವ ಮೊದಲು ಎರಡು ಬೆರಳ ನಡುವೆ ಉಜ್ಜಿದರು. "ಬರೀ ಹೊಳಪು. ಒಳಗೆ ಏನೂ ಇಲ್ಲ" ಎಂದರು. ನನ್ನ ಬಗ್ಗೆಯೋ ಕಾಗದದ ಬಗ್ಗೆಯೋ ಎಂದು ನಾನು ಒಂದು ಕ್ಷಣ ಹೆದರಿದೆ.

"ಮಕ್ಕಳು ಹೆಂಗಿದಾರಮ್ಮಾ? ಶಿಸ್ತು ಇದೆಯಾ?"

"ಇದೆ ಮಾಸ್ಟರ್. ನೀವು ಕಲಿಸಿದ ಹಾಗೇ ಕಲಿಸ್ತಿದೀನಿ" ಎಂದೆ.

ಐವತ್ತೆರಡು ವರ್ಷದವಳು ಹೀಗೆ ಹಸಿ ಹಸಿ ಸುಳ್ಳು ಹೇಳಿ, ಅವರ ಹೆಂಡತಿ ಕೊಟ್ಟ ಕಾಫಿ ಕುಡಿದು ಬಂದೆ.

ಬಂದವಳು ಮಕ್ಕಳಿಗೆ ಪಾಠ ಮಾಡಿದೆ. ಭಾನುವಾರ ದೊಡ್ಡ ಮಾಸ್ಟರ್ ಬರ್ತಾರೆ, ಅವರ ಎದುರಿಗೆ 'ಆಟ' ಎನ್ನುವ ಮಾತು ಯಾರ ಬಾಯಿಂದಲೂ ಬರಕೂಡದು, 'ಅಭ್ಯಾಸ' ಎನ್ನಬೇಕು. ಹನ್ನೊಂದು ತಲೆಗಳೂ ಗಂಭೀರವಾಗಿ ಆಡಿದವು. ಮಕ್ಕಳಿಗೆ ಸುಳ್ಳು ಹೇಳಿಕೊಡುವ ಕೆಲಸ ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಾಸ್ಟರ್ ಬಂದರು. ಹಿಂದಿನ ದಿನ ಮದುವೆಯಾಗಿತ್ತು. ವೇದಿಕೆಯ ಮೇಲೆ ಥರ್ಮೋಕೋಲಿನ ಹೃದಯ ಇನ್ನೂ ನೇತಾಡುತ್ತಿತ್ತು, ಅದರ ಕೆಳಗೆ ಮದುಮಕ್ಕಳ ಕೆಂಪು ಕುರ್ಚಿ. ಬೇರೆ ಕುರ್ಚಿಯೆಲ್ಲ ಕೆಳಗೆ ಬೀಗದೊಳಗಿದ್ದವು, ಪ್ಲಾಸ್ಟಿಕ್ಕಿನ ನಾಲ್ಕನ್ನು ಅಮ್ಮಂದಿರು ಹಿಡಿದಿದ್ದರು. ಮಾಸ್ಟರ್ ಮದುಮಗನ ಜಾಗದಲ್ಲಿ ಕೂತರು. ಆ ಕುರ್ಚಿಯಲ್ಲಿ ಅಷ್ಟು ನೆಟ್ಟಗೆ, ಅಷ್ಟು ಬೇಸರದಿಂದ ಯಾವ ಮದುಮಗನೂ ಕೂತಿರಲಿಕ್ಕಿಲ್ಲ.

ಮೊದಲ ಅರ್ಧ ಗಂಟೆ ಮರ್ಯಾದೆಯಾಗಿ ಕಳೆಯಿತು. ಆಮೇಲೆ ನಮ್ಮ ಮಲಗುವ ಹುಲಿ ಕೈ ಎತ್ತಿ, "ಮಿಸ್, ಇವತ್ತು ಹುಲಿ ಮಲಗೋ ಅಭ್ಯಾಸ ಇಲ್ವಾ?" ಎಂದು ಕೇಳಿದ. ಮಾಸ್ಟರ್ ನನ್ನ ಕಡೆ ನೋಡಿದರು.

"ಉಸಿರಾಟದ್ದು ಮಾಸ್ಟರ್" ಎಂದೆ.

ಕೊನೆಯ ಭಾಗ ಎದುರು ಬದುರು ನಿಲ್ಲುವುದು. ಒಬ್ಬರು ಮುಖದ ಕಡೆ ಮೂರು ಗುದ್ದು ಬೀಸಿ, ಒಂದು ಗೇಣು ದೂರದಲ್ಲಿ ನಿಲ್ಲಿಸಬೇಕು. ಇನ್ನೊಬ್ಬರು ತಡೆಯಬೇಕು, ಕಣ್ಣು ತೆರೆದಿರಬೇಕು. ನಮ್ಮ ಹುಡುಗಿಯ ಸರದಿ ಬಂತು. ಎದುರಿಗೆ ಮೂರನೇ ಕ್ಲಾಸಿನ ಒಬ್ಬ ಹುಡುಗ. ಅವನು ಕಾಲು ಎತ್ತಿ ಮುಂದಿಡುವುದಕ್ಕೂ, ಎರಡು ಸೈಜು ದೊಡ್ಡ ಡ್ರೆಸ್ಸಿನ ಮೇಲೆ ಸುತ್ತಿದ ಬೆಲ್ಟ್ ಜಾರಿ ಅವಳ ಮಂಡಿಗೆ ಬೀಳುವುದಕ್ಕೂ ಸರಿಹೋಯಿತು. ಅವಳು ಒಂದಿಷ್ಟೂ ಯೋಚಿಸಲಿಲ್ಲ. ಮುಷ್ಟಿಯನ್ನು ಬಾಯಿಗೆ ತಂದಳು.

"ಥೂ! ಟೈಂಪ್ಲೀಸ್."

ಹುಡುಗ ಒಂದು ಕಾಲು ಗಾಳಿಯಲ್ಲಿಟ್ಟುಕೊಂಡೇ ನಿಂತ. ಅವಳು ಮಂಡಿಯೂರಿ ಕೂತು ಬೆಲ್ಟ್ ಕಟ್ಟಿಕೊಳ್ಳತೊಡಗಿದಳು. ಸಾಲಿನಲ್ಲಿ ಕೂತ ಒಂಬತ್ತು ಮಕ್ಕಳಿಗೂ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. ನನಗೆ ಮಾತ್ರ ನೆಲ ಬಾಯಿ ಬಿಡಬಾರದೇ ಅನಿಸಿತು. ಮಾಸ್ಟರ್ ಕೆಂಪು ಕುರ್ಚಿಯಿಂದ ಎದ್ದು, ವೇದಿಕೆ ಇಳಿದು ಅವಳ ಮುಂದೆ ಬಂದು ನಿಂತರು.

"ಏನದು?"

"ಟೈಂಪ್ಲೀಸ್ ಅಜ್ಜ. ಬೆಲ್ಟ್ ಬಿಚ್ಚೋಯ್ತು."

"ಪರೀಕ್ಷೇಲಿ ಅದೆಲ್ಲ ಇಲ್ಲ."

"ಟೈಂಪ್ಲೀಸ್ ಹಾಕಿದ್ರೆ ಯಾರೂ ಹೊಡಿಯಂಗಿಲ್ಲ" ಎಂದಳು ಅವಳು, ತಿಳಿಯದವರಿಗೆ ತಿಳಿಸಿ ಹೇಳುವ ದನಿಯಲ್ಲಿ. "ನೀವೂ ಅಷ್ಟೇ."

ಮಾಸ್ಟರ ಮುಷ್ಟಿ ಹೊರಟಿತು. ಎಪ್ಪತ್ತಮೂರರ ಮುಷ್ಟಿ ಅಲ್ಲ ಅದು, ನಮ್ಮ ಕಾಲದ್ದೇ. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮುಷ್ಟಿ ಅವಳ ಮೂಗಿನಿಂದ ಒಂದು ಬೆರಳು ದೂರದಲ್ಲಿ ನಿಂತಿತ್ತು. ಅವಳು ಅದರ ಮೇಲಿಂದ ಮಾಸ್ಟರ ಮುಖವನ್ನೇ ನೋಡುತ್ತಿದ್ದಳು. ಎರಡನೆಯದು ಬಂತು, ಮೂರನೆಯದು ಬಂತು. ಅವಳ ರೆಪ್ಪೆ ಅಲುಗಲಿಲ್ಲ.

"ಯಾಕೆ ಕಣ್ಣು ಮುಚ್ಚಲಿಲ್ಲ?"

"ಟೈಂಪ್ಲೀಸ್ ಇನ್ನೂ ಬಿಟ್ಟಿಲ್ಲ ಅಲ್ವಾ" ಎಂದಳು.

ಮಾಸ್ಟರ್ ಮುಷ್ಟಿ ಹಿಂದಕ್ಕೆಳೆದುಕೊಂಡರು. "ಸರಿ, ಬಿಡು ಅದನ್ನ" ಎಂದರು. ಅವಳು ಬೆಲ್ಟಿನ ಗಂಟು ಎಳೆದು, ಎದ್ದು, ಕಾಲು ಸರಿಯಾಗಿಟ್ಟು, "ಬಿಟ್ಟೆ" ಎಂದಳು. ಮುಷ್ಟಿ ಮತ್ತೆ ಬಂತು. ಅವಳ ಕಣ್ಣು ಬಿಗಿಯಾಗಿ ಮುಚ್ಚಿತು, ಭುಜ ಕಿವಿಗೇರಿತು.

ಮಾಸ್ಟರ್ ಕುರ್ಚಿಗೆ ಮರಳಿದರು. ತೊಡೆಯ ಮೇಲೆ ಅಂಕದ ಹಾಳೆ ಇಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಅವಳಮ್ಮ ವಿಡಿಯೋ ಮಾಡುತ್ತಿದ್ದ ಮೊಬೈಲನ್ನು ಮಡಿಲಿಗೆ ಇಳಿಸಿದರು. ಹುಡುಗಿ ಮಾಸ್ಟರನ್ನು ನೋಡಲಿಲ್ಲ, ಅಮ್ಮನನ್ನೂ ನೋಡಲಿಲ್ಲ, ನನ್ನನ್ನು ನೋಡಿದಳು. ಹಲ್ಲಿಲ್ಲದ ಬಾಯಿ ಸ್ವಲ್ಪ ತೆರೆದಿತ್ತು. ಈ ನೋಟ ನನಗೆ ಗೊತ್ತಿತ್ತು. ಒಂಬತ್ತು ವರ್ಷದವಳಾಗಿದ್ದಾಗ ನಾನೂ ಹೀಗೇ ಯಾರನ್ನೋ ಹುಡುಕಿದ್ದೆ.

ನಲವತ್ತಮೂರು ವರ್ಷದಲ್ಲಿ ನಾನು ಮಾಸ್ಟರಿಗೆ ಒಂದು ಸಲವೂ ಎದುರಾಡಿಲ್ಲ. ಆಗಲೂ ಎದುರಾಡಲಿಲ್ಲ. ಮುಷ್ಟಿಯನ್ನು ಬಾಯಿಗೆ ತಂದು ಊದಿದೆ.

"ಥೂ! ಟೈಂಪ್ಲೀಸ್, ಮಾಸ್ಟರ್."

ಅಮ್ಮಂದಿರು ಉಸಿರು ಹಿಡಿದರು. ಮಕ್ಕಳಿಗೆ ಇದರಲ್ಲೂ ಏನೂ ವಿಶೇಷ ಕಾಣಲಿಲ್ಲ. ಮಾಸ್ಟರ್ ನನ್ನನ್ನು ನೋಡಿದರು, ನನ್ನ ಮುಷ್ಟಿಯನ್ನು ನೋಡಿದರು. ಪೆನ್ನು ಕಾಗದದ ಮೇಲೆ ಇಳಿಯಲಿಲ್ಲ. ಅವರೂ ಭದ್ರಾವತಿಯ ಯಾವುದೋ ಬೀದಿಯಲ್ಲಿ ಆಡಿ ಬೆಳೆದವರೇ ತಾನೇ, ಕಾನೂನು ಅವರಿಗೂ ಗೊತ್ತಿತ್ತು.

"ಎಷ್ಟು ಹೊತ್ತು?" ಎಂದರು.

"ಹತ್ತು ನಿಮಿಷ. ಕಾಗದದ ಉಂಡೆ ಎಸೀರಿ ಮಾಸ್ಟರ್, ಇವಳಿಗೆ. ನಮಗೆ ಎಸೀತಿದ್ರಲ್ಲ ಹಂಗೆ."

ಅವರು ತೊಡೆಯ ಮೇಲಿನ ಅಂಕದ ಹಾಳೆಯನ್ನು ಉಜ್ಜಿ ನೋಡಿದರು. ನಾನು ಮೈಯೆಲ್ಲ ಕಿವಿಯಾಗಿ ಕಾದೆ. "ಇದು ನೆನೆಯೋ ಕಾಗದ ಅಲ್ಲ" ಎಂದರು ಕೊನೆಗೆ. "ಬೇರೆ ತಗೊಂಡ್ಬಾ."

ಮದುವೆ ಮನೆಯಲ್ಲಿ ಬೇರೆ ಏನಿಲ್ಲದಿದ್ದರೂ ಊಟದ ಟೇಬಲ್ಲಿಗೆ ಹಾಸುವ ಪೇಪರ್ ರೋಲ್ ಇರುತ್ತದೆ. ಕೆಳಗಿನಿಂದ ಅರ್ಧ ರೋಲು ಮತ್ತು ಒಂದು ಬಕೆಟ್ ನೀರು ತಂದೆವು. ಮಾಸ್ಟರ್ ತೋಳು ಮಡಚಿದರು. ಕಾಗದ ಹರಿದು, ಮುಳುಗಿಸಿ, ಹಿಂಡಿ, ಒಂದೊಂದೇ ಉಂಡೆ ಕಟ್ಟಿ ಸಾಲಾಗಿ ಇಟ್ಟರು. ಆ ಕೈಗಳು ಅದನ್ನು ಮರೆತೇ ಇರಲಿಲ್ಲ. ಹುಡುಗಿಯನ್ನು ಒಂದು ಕಂಬದ ಮುಂದೆ ನಿಲ್ಲಿಸಿದೆ.

"ಆಟಾನಾ ಮಿಸ್?" ಎಂದು ಪಿಸುಗುಟ್ಟಿದಳು. ನಾನು ಮಾಸ್ಟರ ಕಡೆ ನೋಡಿದೆ. ಅವರು ಕೇಳಿಸದವರ ಹಾಗೆ ಉಂಡೆಯನ್ನು ಅಂಗೈಯಲ್ಲಿ ತೂಗುತ್ತಿದ್ದರು.

"ಹೌದು ಮಾರಾಯ್ತಿ, ಆಟ" ಎಂದೆ.

ಮೊದಲ ಉಂಡೆ ಅವಳ ಕಿವಿಯ ಪಕ್ಕದಿಂದ ಹೋಗಿ ಕಂಬಕ್ಕೆ ಪಚಕ್ ಎಂದಿತು. ಎರಡನೆಯದಕ್ಕೆ ಅವಳು ಬಗ್ಗಿದಳು, ಮೂರನೆಯದಕ್ಕೆ ಪಕ್ಕಕ್ಕೆ ಜಾರಿದಳು. ನಾಲ್ಕನೆಯದು ಸರಿಯಾಗಿ ಹಣೆಗೆ ಬಿತ್ತು. ನೀರು ಮೂಗಿನ ಮೇಲೆ ಇಳಿಯಿತು. ಅವಳು ಕಿಲಕಿಲ ನಕ್ಕಳು, ಕಣ್ಣು ಅಗಲವಾಗಿ ಬಿಟ್ಟುಕೊಂಡೇ ನಕ್ಕಳು, ಮುಂದಿನದು ಎಲ್ಲಿಂದ ಬರುತ್ತದೋ ನೋಡಬೇಕಲ್ಲ! ಮಾಸ್ಟರ್ ಎಸೆಯುತ್ತಾ ಎಸೆಯುತ್ತಾ ಹತ್ತಿರ ಬಂದರು. ಎರಡು ಮಾರು ಹತ್ತಿರ, ಒಂದು ಮಾರು ಹತ್ತಿರ. ಕೊನೆಗೆ ಕೈಯಲ್ಲಿ ಉಂಡೆಯೇ ಇರಲಿಲ್ಲ, ಬರಿಯ ಮುಷ್ಟಿ ಮುಖದ ಮುಂದೆ ಬಂದು ನಿಂತಿತು. ಅವಳು ಅದನ್ನೂ ನೋಡಿದಳು, ಮುಂಗೈಯಿಂದ ಮೇಲಕ್ಕೆ ತಳ್ಳಿದಳು. ನಾನು ಒಂದು ವರ್ಷದಿಂದ ಕಲಿಸಲು ಒದ್ದಾಡುತ್ತಿದ್ದ ತಡೆ ಅದು, ಪುಸ್ತಕದಲ್ಲಿದ್ದ ಹಾಗೇ ಇತ್ತು.

ಅಷ್ಟರಲ್ಲಿ ಎಲ್ಲಿಂದಲೋ ಒಂದು ಉಂಡೆ ಹಾರಿ ಬಂದು ಮಾಸ್ಟರ ಎದೆಗೆ ಬಿತ್ತು. ಎಸೆದವನು ನಮ್ಮ ಮಲಗುವ ಹುಲಿ, ಕೈ ಇನ್ನೂ ಒದ್ದೆಯಿತ್ತು. ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಮೇಲೆ ಕಾಗದ ಮೆಲ್ಲಗೆ ಕೆಳಕ್ಕೆ ಜಾರುತ್ತಿತ್ತು. ಮಾಸ್ಟರ್ ಅದನ್ನು ನೋಡಿದರು.

"ತಗುಲಿದ್ರೆ ಏನು?" ಎಂದು ನನ್ನನ್ನು ಕೇಳಿದರು.

"ಹತ್ತು ಬಸ್ಕಿ ಮಾಸ್ಟರ್" ಎಂದೆ.

ಅವರು ಕಿವಿ ಹಿಡಿದುಕೊಂಡರು. ಇಚಿ. ನಿ. ಸಾನ್. ನಾಲ್ಕರಿಂದ ಮಕ್ಕಳೂ ದನಿಗೂಡಿಸಿದವು. ಎಂಟಕ್ಕೆ ಮಂಡಿ ಸದ್ದು ಮಾಡಿತು, ನನ್ನದಲ್ಲ. ಹತ್ತು ಮುಗಿಸಿ ಕೆಂಪು ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡು, ಹಾಳೆ ತೆಗೆದುಕೊಂಡು ಬರೆದರು. ಅವಳಮ್ಮನ ಕಡೆ ಎತ್ತಿ ತೋರಿಸಿದರು: ಪಾಸ್. ಪಕ್ಕದಲ್ಲಿ, 'ಕಣ್ಣು ತೆರೆದಿದೆ.' ಹೈಸ್ಕೂಲ್ ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡು, ಮಗಳಿಗೆ "ಒದ್ದೆ ತಲೇಲಿ ಫ್ಯಾನ್ ಕೆಳಗೆ ನಿಲ್ಬೇಡ" ಎಂದು ಗದರಿದರು.

ಚಕ್ಕುಲಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮರುವಾರ ಅವಳು ಡಬ್ಬಿಯನ್ನು ಕ್ಲಾಸಿಗೇ ತಂದು ಮುಚ್ಚಳ ತೆಗೆದು ತೋರಿಸಿದಳು. ನಾಲ್ಕು ಚಕ್ಕುಲಿ ಇದ್ದವು. ವ್ಯಾನಿನ ಹುಡುಗ ಕೈ ಬೀಸಿದನಂತೆ, ಇವಳು ಸುಮ್ಮನೆ ನೋಡುತ್ತಾ ಕೂತಳಂತೆ, ಅವನಿಗೆ ಕೈ ನೋವು ಬಂತಂತೆ. ಪಾಪ ಎಂದು ಅರ್ಧ ಕೊಟ್ಟಳಂತೆ.

ಆ ಭಾನುವಾರ ಪರೀಕ್ಷೆ ಮುಗಿದ ಮೇಲೆ ನಾನು ಮಾಸ್ಟರನ್ನು ಭದ್ರಾವತಿ ಬಸ್ಸು ಹತ್ತಿಸಲು ಹೋದೆ. ಅವರ ಎದೆಯ ಮೇಲೆ ಒದ್ದೆ ಗುರುತು ಇನ್ನೂ ಆರಿರಲಿಲ್ಲ. "ಮಾಸ್ಟರ್, ನಿಮಗೆ ಸುಳ್ಳು ಹೇಳಿದೆ. ಕ್ಲಾಸಲ್ಲಿ ಆಟ ಆಡಿಸ್ತೀನಿ" ಎಂದೆ.

"ಗೊತ್ತು. ಮಕ್ಕಳು ಹೆಂಗಿದಾರೆ ಅಂದಾಗ ನಿನ್ನ ಮುಖ ನಗ್ತಿತ್ತು. ಬರೀ ಶಿಸ್ತು ಕಲಿಸೋರ ಮುಖ ಹಂಗಿರಲ್ಲ."

ನನಗೆ ಧೈರ್ಯ ಬಂತು. "ಇದು ಆಟ ಅಲ್ಲ ಅಂತ ನಮಗೆ ಅಷ್ಟು ಬೈತಿದ್ರಿ. ಮತ್ತೆ ಆ ಕಾಗದದ ಉಂಡೆ?"

ಅವರು ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ ಹೇಳಿದರು.

"ನಿಮ್ಮಪ್ಪ ಬಂದಿದ್ರು. ಮಗು ಎರಡು ಸಲ ಫೇಲಾಯ್ತು, ಅಳ್ತಾ ಮಲಗಿದಾಳೆ, ಬಿಡಿಸಿಬಿಡ್ತೀನಿ ಅಂದ್ರು. ಎರಡು ತಿಂಗಳು ಟೈಮ್ ಕೊಡಿ ಅಂದೆ. ಟೈಮ್ ಕೇಳಿದ್ದೇನೋ ಕೇಳಿಬಿಟ್ಟೆ, ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಮರುದಿನ ಮಿಲ್ಲಲ್ಲಿ ನೋಡಿದ್ರೆ ಕೈಗೆ ಸಿಕ್ಕಿದ್ದೆಲ್ಲ ಒದ್ದೆ ಕಾಗದಾನೇ."

ಬಸ್ಸು ಬಂತು. ಅವರು ಹತ್ತಿ ಕಿಟಕಿಯ ಪಕ್ಕ ಕೂತರು. ನಲವತ್ತಮೂರು ವರ್ಷ ನಾನು ಅದನ್ನು ಶಿಕ್ಷೆ ಎಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ನಮ್ಮ ಬ್ಯಾಚಿನ ಹದಿನೆಂಟು ಹುಡುಗರು ಹಣೆಗೆ ಒದ್ದೆ ಕಾಗದ ಅಂಟಿಸಿಕೊಂಡದ್ದು ನನ್ನೊಬ್ಬಳಿಗಾಗಿ ಎಂದು ನನಗೆ ಗೊತ್ತಿರಲಿಲ್ಲ. ಅಪ್ಪ ಅಂದು ಚಪ್ಪಲಿ ಮೆಟ್ಟಿಕೊಂಡು ಎಲ್ಲಿಗೆ ಹೋದರು ಎಂದೂ ಗೊತ್ತಿರಲಿಲ್ಲ, ಕೇಳೋಣವೆಂದರೆ ಅಪ್ಪ ಈಗ ಇಲ್ಲ. ಅಳು ಒತ್ತರಿಸಿ ಬಂತು. ಅಷ್ಟು ಜನರ ಮಧ್ಯೆ ಅಳಬಾರದೆಂದು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು ನಿಂತೆ.

"ಫೇಲ್!" ಎಂದಿತು ಕಿಟಕಿಯಿಂದ ಮಾಸ್ಟರ ದನಿ. ಹಿಂದೆಯೇ ನಗು, ದೊಡ್ಡದಾಗಿ, ಕಂಡಕ್ಟರನ ಸೀಟಿಯ ಮೇಲೂ ಕೇಳಿಸುವ ಹಾಗೆ.

ನಾನು ಕಣ್ಣು ಬಿಡುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು. ಮಾಸ್ಟರ್ ನಕ್ಕದ್ದನ್ನು ನಾನು ಈಗಲೂ ನೋಡಿಲ್ಲ.